ಕ್ರಿಕೆಟ್ ಟೂರ್ನಿಯ ನಡುವೆ ಐದು ನಿಮಿಷ ಕೊಡಿ

ಮುಂಬೈಯಲ್ಲಿ ನಮ್ಮ ಕನ್ನಡ, ತುಳು ಸಂಘಗಳು ನಡೆಸುವ ಆರೋಗ್ಯ ಶಿಬಿರಗಳು ಹೇಗಿರುತ್ತವೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಭಾನುವಾರ ಬೆಳಿಗ್ಗೆ ದೀಪ ಬೆಳಗುವುದು, ಅತಿಥಿಗಳಿಗೆ ಶಾಲು, ಆಮೇಲೆ ಸಕ್ಕರೆ, ರಕ್ತದೊತ್ತಡ, ಕಣ್ಣಿನ ತಪಾಸಣೆ, ಕೊನೆಗೆ ಉಪ್ಪಿಟ್ಟು, ಶೀರಾ. ಸಾಲಿನಲ್ಲಿ ನಿಲ್ಲುವವರು ಬಹುಪಾಲು ಅರವತ್ತು ದಾಟಿದವರು. ಮಹಿಳಾ ವಿಭಾಗದವರಾದ ನಾವು ವರ್ಷಕ್ಕೊಮ್ಮೆ ಸ್ತನ ಕ್ಯಾನ್ಸರಿನ ಬಗ್ಗೆ ಮಾತನಾಡಲು ವೈದ್ಯೆಯೊಬ್ಬರನ್ನು ಕರೆಸುತ್ತೇವೆ. ಮೊದಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದ ಹಿರಿಯ ಹೆಂಗಸರು ಈಗ ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಯುವ ವಿಭಾಗದ ಹುಡುಗರು ಅಂದು ಏನು ಮಾಡುತ್ತಾರೆ? ಕುರ್ಚಿ ಹಾಕುತ್ತಾರೆ, ಬ್ಯಾನರ್ ಕಟ್ಟುತ್ತಾರೆ. ಅವರ ದೇಹದ ಬಗ್ಗೆ ಅವರಿಗೆ ಯಾರೂ ಏನೂ ಹೇಳುವುದಿಲ್ಲ.

ಹೇಳಲೇಬೇಕಾದದ್ದು ವೃಷಣದ ಕ್ಯಾನ್ಸರಿನ ವಿಷಯ. ಉಳಿದ ಹೆಚ್ಚಿನ ಕ್ಯಾನ್ಸರ್‌ಗಳು ವಯಸ್ಸಾದವರನ್ನು ಹುಡುಕಿಕೊಂಡು ಬಂದರೆ ಇದು ಹೆಚ್ಚಾಗಿ ಹದಿನೈದರಿಂದ ನಲವತ್ತರ ಒಳಗಿನವರನ್ನು ಹಿಡಿಯುತ್ತದೆ. ಅಂದರೆ ಕುರ್ಚಿ ಹಾಕುವವರ ವಯಸ್ಸು, ಕುಳಿತುಕೊಳ್ಳುವವರದ್ದಲ್ಲ.

ಇತ್ತೀಚಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿದೆ. ಅಧ್ಯಕ್ಷರು ಫ್ಯಾನಿನ ಕಡೆ ನೋಡಿದರು. ಕಾರ್ಯದರ್ಶಿಗಳು ನಡಾವಳಿ ಪುಸ್ತಕದಲ್ಲಿ ಮುಖ ಹುದುಗಿಸಿದರು. ಒಬ್ಬರು ಮಾತ್ರ ಬಾಯಿಬಿಟ್ಟು, "ಅಕ್ಕ, ಹೆಂಗಸರು ಮಕ್ಕಳೆಲ್ಲ ಕುಳಿತಿರುವ ಕಡೆ ಇಂಥದ್ದನ್ನು ಹೇಗೆ ಹೇಳುವುದು?" ಎಂದರು. ಅದೇ ಸಭಾಂಗಣದಲ್ಲಿ, ಅದೇ ಹೆಂಗಸರು ಮಕ್ಕಳ ಮುಂದೆ, ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ತಂಡದ ಹಾಸ್ಯಗಾರ ಸೊಂಟದ ಕೆಳಗಿನ ಮಾತಾಡಿಯೇ ಚಪ್ಪಾಳೆ ಗಿಟ್ಟಿಸುತ್ತಾನೆ. ಮೊದಲ ಸಾಲಿನಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಗುವವರು ಇವರೇ. ನಗಲು ಅಡ್ಡ ಬಾರದ ಮರ್ಯಾದೆ ಕಾಯಿಲೆಯ ಹೆಸರೆತ್ತಿದಾಗ ಎಲ್ಲಿಂದ ಬರುತ್ತದೆಯೋ!

ಖಜಾಂಚಿಗಳ ಪ್ರಶ್ನೆ ಮಾತ್ರ ನ್ಯಾಯವಾಗಿತ್ತು: "ಇದು ಎಷ್ಟು ಜನಕ್ಕೆ ಬರುತ್ತದೆ?" ಕಡಿಮೆ ಜನಕ್ಕೆ. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಸುಮಾರು ಹತ್ತು ಮಂದಿಗೆ ಬಂದರೆ ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಹೆದರಿಸಿ ಮಾತಿಗೆ ತೂಕ ತರುವುದು ನನಗೆ ಇಷ್ಟವಿಲ್ಲ, ಆದ್ದರಿಂದ ಅವರಿಗೂ ಹೀಗೆಯೇ ಹೇಳಿದೆ. ಆದರೆ ಬಂದವನಿಗೆ ಇಪ್ಪತ್ತೈದು ವಯಸ್ಸಾಗಿರುತ್ತದೆ, ಮುಂದೆ ಐವತ್ತು ವರ್ಷದ ಬಾಳು ಇರುತ್ತದೆ. ಮೇಲಾಗಿ, ಕ್ಯಾನ್ಸರ್‌ಗಳ ಪೈಕಿ ಇಷ್ಟು ಚೆನ್ನಾಗಿ ಗುಣವಾಗುವಂಥದ್ದು ಇನ್ನೊಂದು ಸಿಗುವುದು ಕಷ್ಟ. ಅಮೆರಿಕದ ಅಂಕಿಅಂಶದಂತೆ, ವೃಷಣದೊಳಗೇ ಇರುವಾಗ ಪತ್ತೆಯಾದರೆ ಐದು ವರ್ಷದ ನಂತರವೂ ಬದುಕಿರುವವರು ನೂರಕ್ಕೆ ತೊಂಬತ್ತೊಂಬತ್ತು. ಶ್ವಾಸಕೋಶದಂಥ ದೂರದ ಅಂಗಗಳಿಗೆ ಹರಡಿದ ಮೇಲೂ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು.

ಟೂರ್ನಿ ಆಡುವ ಹುಡುಗರಿಗೆ ಯುವರಾಜ್ ಸಿಂಗ್ ಹೆಸರು ಹೇಳಿದರೆ ಸಾಕು, ಕಿವಿ ನೆಟ್ಟಗಾಗುತ್ತದೆ. 2011ರ ವಿಶ್ವಕಪ್ಪನ್ನು ನಮ್ಮ ವಾಂಖೆಡೆಯಲ್ಲಿ ಎತ್ತಿದಾಗ ಸರಣಿಶ್ರೇಷ್ಠನಾದವನು ಅವನು. ಅವನಿಗೆ ಕ್ಯಾನ್ಸರ್ ಬಂದದ್ದು ವೃಷಣದಲ್ಲಲ್ಲ, ಎದೆಯಲ್ಲಿ, ಎರಡು ಶ್ವಾಸಕೋಶಗಳ ನಡುವೆ. ಆದರೆ ಗಡ್ಡೆ ಇದೇ ಕುಲದ್ದು, ಸೆಮಿನೋಮಾ. 2012ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಅವನಿಗೆ ಚಿಕಿತ್ಸೆ ಕೊಟ್ಟವರು ಡಾ. ಲಾರೆನ್ಸ್ ಐನ್‌ಹಾರ್ನ್. 1974ರಲ್ಲಿ ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಂ ಔಷಧವನ್ನು ಬೇರೆ ಎರಡು ಔಷಧಗಳ ಜೊತೆ ಸೇರಿಸಿ ಕೊಟ್ಟು, ಹರಡಿದ ವೃಷಣ ಕ್ಯಾನ್ಸರ್ ಎಂದರೆ ಸಾವು ಎಂಬ ಲೆಕ್ಕವನ್ನು ತಿರುಗಿಸಿಬಿಟ್ಟ ವೈದ್ಯರು ಇವರೇ. ಅದಕ್ಕಾಗಿ ಈಗ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಪೇಟೆಂಟ್ ಮುಗಿದ ಈ ಹಳೆಯ ಔಷಧ ಪರೇಲಿನಲ್ಲಿಯೂ ಸಿಗುತ್ತದೆ, ಮಂಗಳೂರಿನಲ್ಲಿಯೂ ಸಿಗುತ್ತದೆ.

ಪರೇಲಿನ ದಾರಿ ಮುಂಬೈ ಕನ್ನಡಿಗರಿಗೆ ಹೊಸದೇನಲ್ಲ. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ, ಟಾಟಾ ಸ್ಮಾರಕ, 1941ರಲ್ಲಿ ಶುರುವಾಯಿತು. "ಟಾಟಾದಲ್ಲಿ ಒಮ್ಮೆ ತೋರಿಸಬೇಕು" ಎಂದು ಮತ್ಸ್ಯಗಂಧಾ ರೈಲಿನಲ್ಲಿ ಬಂದಿಳಿದ ನೆಂಟರಿಗೆ ಹಾಸಿಗೆ ಹಾಸದ ಮನೆ ನಮ್ಮಲ್ಲಿ ಎಷ್ಟಿದೆ? ಊರಿನವರನ್ನೆಲ್ಲ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲುವ ಹುಡುಗ ತನಗೇ ಒಂದು ಗಂಟು ಕಂಡರೆ ತಿಂಗಳುಗಟ್ಟಲೆ ಸುಮ್ಮನಿರುತ್ತಾನೆ.

ಯಾಕೆ ಸುಮ್ಮನಿರುತ್ತಾನೆ? ನಾಚಿಕೆ ಎಂದುಬಿಡುವುದು ಸುಲಭ. ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರ ದಿನಚರಿ ನೋಡಿದವರಿಗೆ ಬೇರೆ ಕಾರಣಗಳೂ ಕಾಣುತ್ತವೆ. ಒಂದು ಕೋಣೆಯಲ್ಲಿ ಹತ್ತು ಜನ ಮಲಗುತ್ತಾರೆ. ಸ್ನಾನಕ್ಕೆ ಒಂದೇ ಮೋರಿ, ಹೊರಗೆ ನಾಲ್ವರು ಬಾಲ್ದಿ ಹಿಡಿದು ಬಾಗಿಲು ಬಡಿಯುತ್ತಿರುತ್ತಾರೆ. ತನ್ನ ದೇಹವನ್ನು ತಾನೇ ನಿಧಾನವಾಗಿ ನೋಡಿಕೊಳ್ಳಲು ಬೇಕಾದ ಎರಡು ನಿಮಿಷದ ಏಕಾಂತವೇ ಅವನಿಗಿಲ್ಲ. ಒಪಿಡಿ ನಡೆಯುವುದು ಬೆಳಗಿನ ಹೊತ್ತು, ನಾಷ್ಟಾದ ಗಿರಾಕಿಗಳು ನುಗ್ಗುವುದೂ ಅದೇ ಹೊತ್ತು. ರಜೆ ಕೇಳಿದರೆ ಧಣಿಗಳು ಕಾರಣ ಕೇಳುತ್ತಾರೆ. ಅವನು ಹೊಟ್ಟೆನೋವು ಎನ್ನುತ್ತಾನೆ, ಅವರು ಒಂದು ಮಾತ್ರೆ ಕೊಡುತ್ತಾರೆ. ಅಲ್ಲಿಗೆ ಆ ತಿಂಗಳು ಮುಗಿಯಿತು. ಮುಂದಿನ ರಜೆ ಊರಿನ ಜಾತ್ರೆಗೆ.

ನನ್ನ ಸಂಬಂಧಿಕರ ಹುಡುಗನೊಬ್ಬನ ಕಥೆ ಹೀಗೆಯೇ ಸಾಗಿತು. ನೋವಿಲ್ಲ, ಬರೀ ಭಾರ. ನೀರು ತುಂಬಿದೆ ಎಂದು ತಾನೇ ತೀರ್ಮಾನಿಸಿಕೊಂಡ. ಊರಿಗೆ ಹೋದಾಗ ನಾಟಿ ವೈದ್ಯರು ಸೊಪ್ಪು ಅರೆದು ಹಚ್ಚಲು ಕೊಟ್ಟರು, ಅದನ್ನೂ ಹಚ್ಚಿದ. ಕೊನೆಗೆ ಬೆನ್ನುನೋವು ಬಂದಾಗ ಸೋನೋಗ್ರಫಿ ಆಯಿತು. ಅಷ್ಟರಲ್ಲಿ ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಿಗೆ (ಲಿಂಫ್ ಗಂಟುಗಳಿಗೆ) ಹರಡಿತ್ತು, ಬೆನ್ನುನೋವಿನ ಮೂಲ ಅದೇ. ಅವನು ಬದುಕಿದ, ಈಗ ಮತ್ತೆ ಕೌಂಟರಿನಲ್ಲಿ ಕುಳಿತುಕೊಳ್ಳುತ್ತಾನೆ. ಆದರೆ ಒಂದು ಆಪರೇಷನ್ನಿನಲ್ಲಿ ಮುಗಿಯಬಹುದಾಗಿದ್ದ ಕಾಯಿಲೆಗೆ ಕೀಮೋ, ವಾಂತಿ, ಉದುರಿದ ಕೂದಲು, ಸಾಲ ಎಲ್ಲವೂ ಬೇಕಾಯಿತು.

ನೀರು ತುಂಬುವುದು ಬೇರೆ, ಅದು ಸಾಮಾನ್ಯ, ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಕೆಲವೊಮ್ಮೆ ಆ ನೀರಿನ ಹಿಂದೆಯೇ ಗಡ್ಡೆ ಅಡಗಿರುತ್ತದೆ. ಕೈಯಿಂದ ಮುಟ್ಟಿ ಭೇದ ಹೇಳುವುದು ನಮ್ಮ ಕೆಲಸವಲ್ಲ, ಸೋನೋಗ್ರಫಿಯ ಕೆಲಸ. ಯಾರಾದರೂ ಸೂಜಿ ಚುಚ್ಚಿ ನೀರು ತೆಗೆದುಬಿಡುತ್ತೇನೆ ಎಂದರೆ, ಸೋನೋಗ್ರಫಿ ಆಗುವ ತನಕ ಒಪ್ಪಬೇಡಿ. ಕ್ಯಾನ್ಸರ್ ಎಂಬ ಸಂಶಯವಿದ್ದಾಗ ಅಲ್ಲಿ ಸೂಜಿ ಹಾಕುವುದಿಲ್ಲ, ಆಪರೇಷನ್ನನ್ನೂ ತೊಡೆಸಂದಿಯ ಮೂಲಕವೇ ಮಾಡುತ್ತಾರೆ. ಜೊತೆಗೆ ಮೂರು ರಕ್ತಪರೀಕ್ಷೆ: ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್. ಎರಡನೆಯದು ಬಸುರಿಯರ ಪರೀಕ್ಷೆಯಲ್ಲಿ ನೋಡುವ ಹಾರ್ಮೋನೇ. ಈ ಗಡ್ಡೆಗಳಲ್ಲಿ ಕೆಲವು ಅದನ್ನು ಸುರಿಸುತ್ತವೆ, ಹಾಗಾಗಿ ಕೆಲವು ಗಂಡಸರ ಎದೆ ಊದಿಕೊಳ್ಳುವುದೂ ಉಂಟು. ಇದನ್ನು ಹೇಳಿದರೆ ಹುಡುಗರು ನಗುತ್ತಾರೆ. ನಗಲಿ, ನೆನಪಾದರೂ ಉಳಿಯುತ್ತದೆ.

ತಿಂಗಳಿಗೊಮ್ಮೆ ವ್ರತದಂತೆ ಪರೀಕ್ಷಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅಮೆರಿಕದ ತಜ್ಞರ ಕಾರ್ಯಪಡೆಯೊಂದು 2011ರಲ್ಲಿ, ಲಕ್ಷಣಗಳಿಲ್ಲದವರಿಗೆ ಇಂಥ ತಪಾಸಣೆ ಬೇಡ ಎಂದೇ ಹೇಳಿದೆ. ಅದು ನನಗೂ ಸರಿ ಎನ್ನಿಸುತ್ತದೆ, ಆರೋಗ್ಯವಂತ ಹುಡುಗರನ್ನು ಚಿಂತೆಗೆ ಹಚ್ಚುವುದರಿಂದ ಯಾರಿಗೂ ಉಪಯೋಗವಿಲ್ಲ. ತನ್ನದು ಸಾಮಾನ್ಯವಾಗಿ ಹೇಗಿರುತ್ತದೆ ಎಂಬುದು ಮಾತ್ರ ಗೊತ್ತಿರಲಿ. ಒಂದು ಸ್ವಲ್ಪ ಕೆಳಗೆ ಜೋತಿರುವುದು, ಒಂದು ತುಸು ದೊಡ್ಡದಿರುವುದು ಸಹಜ. ಹಿಂಭಾಗದಲ್ಲಿ ಮೆತ್ತಗೆ ಹುರಿಯಂಥದ್ದು ಸಿಗುತ್ತದೆ, ಅದು ವೀರ್ಯನಾಳದ ಭಾಗ, ಗಡ್ಡೆಯಲ್ಲ. ಗಟ್ಟಿಯಾದ, ನೋವಿಲ್ಲದ ಗಂಟು, ಹೊಸದಾಗಿ ಬಂದ ಊತ ಅಥವಾ ಭಾರ ಕಂಡರೆ ಆ ವಾರವೇ ತೋರಿಸಬೇಕು. ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ಅದು ಬೇರೆಯೇ ವಿಷಯ. ವೃಷಣ ತಿರುಚಿಕೊಂಡಿರಬಹುದು, ಆರು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಕಳೆದುಕೊಳ್ಳುವ ಅಪಾಯವಿದೆ. ರಾತ್ರಿ ಎರಡಾದರೂ ಧಣಿಗಳನ್ನು ಎಬ್ಬಿಸಿ.

ಇದರಲ್ಲಿ ನಮ್ಮ ಮಹಿಳಾ ವಿಭಾಗಕ್ಕೂ ಕೆಲಸವಿದೆ. ಬಾಣಂತನದಲ್ಲಿ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವ ಅಜ್ಜಿಗೆ, ವೃಷಣ ಚೀಲಕ್ಕೆ ಇಳಿದಿಲ್ಲ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. "ದೊಡ್ಡವನಾದ ಹಾಗೆ ತಾನಾಗಿ ಇಳಿಯುತ್ತದೆ" ಎನ್ನುತ್ತಾರೆ. ಮೊದಲ ಕೆಲವು ತಿಂಗಳಲ್ಲಿ ಎಷ್ಟೋ ಮಕ್ಕಳಿಗೆ ಇಳಿಯುತ್ತದೆ, ನಿಜ. ಆರು ತಿಂಗಳಾದರೂ ಇಳಿಯದಿದ್ದರೆ ಕಾಯಬಾರದು. ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡಿ ಇಳಿಸಬೇಕು. ಹಾಗೆ ಇಳಿಯದೆ ಉಳಿದವರಿಗೆ ಮುಂದೆ ಈ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಬಿಗಿಯಾದ ಒಳಚಡ್ಡಿಯಿಂದ ಬರುತ್ತದೆ, ಚೆಂಡು ತಗುಲಿದ್ದರಿಂದ ಬರುತ್ತದೆ ಎಂಬುದಕ್ಕೆಲ್ಲ ಆಧಾರವಿಲ್ಲ.

ಇನ್ನು ಮದುವೆ. ನಮ್ಮ ಜನರ ನಿಜವಾದ ಭಯ ಇರುವುದು ಇಲ್ಲಿಯೇ, ಕ್ಯಾನ್ಸರಿನಲ್ಲಲ್ಲ. ಒಂದನ್ನು ತೆಗೆದರೆ ಗಂಡಸುತನ ಹೋಯಿತು, ಮಕ್ಕಳಾಗುವುದಿಲ್ಲ, ಹೆಣ್ಣು ಕೊಡುವವರಿಗೆ ಗೊತ್ತಾದರೆ ಮುಗಿಯಿತು ಎಂದು ತಾಯಂದಿರೇ ಬಾಯಿ ಮುಚ್ಚಿಸುತ್ತಾರೆ. ಆರೋಗ್ಯವಾಗಿರುವ ಇನ್ನೊಂದು ವೃಷಣ ಹಾರ್ಮೋನಿಗೂ ಸಾಕು, ಸಾಮಾನ್ಯವಾಗಿ ಮಕ್ಕಳಾಗಲೂ ಸಾಕು. ಕೀಮೋದಿಂದ ವೀರ್ಯಕ್ಕೆ ತೊಂದರೆಯಾಗಬಹುದು. ಅದಕ್ಕೇ ಚಿಕಿತ್ಸೆಗೆ ಮೊದಲೇ ವೀರ್ಯವನ್ನು ಬ್ಯಾಂಕಿನಲ್ಲಿ ತೆಗೆದಿರಿಸುವ ವ್ಯವಸ್ಥೆ ಇದೆ. ವೈದ್ಯರು ಮರೆತರೆ ನೀವೇ ಕೇಳಬೇಕು, ಮದುವೆಯಾಗದ ಹುಡುಗ ಇದನ್ನು ಕೇಳಲು ಸಂಕೋಚಪಟ್ಟರೆ ಜೊತೆಗೆ ಹೋದ ಅಣ್ಣನೋ ಭಾವನೋ ಕೇಳಬೇಕು.

ಯುವ ವಿಭಾಗದವರೇ, ಡಿಸೆಂಬರಿನ ಟೂರ್ನಿಯಲ್ಲಿ ಎರಡು ಪಂದ್ಯಗಳ ನಡುವೆ ಮೈಕು ಐದು ನಿಮಿಷ ಒಬ್ಬ ವೈದ್ಯರ ಕೈಗೆ ಕೊಡಿ. ಹೆಂಗಸರು ಕೇಳಿಸಿಕೊಂಡರೆ ಏನೂ ಆಗುವುದಿಲ್ಲ, ಮೀಯಿಸಿ ಬೆಳೆಸಿದವರು ನಾವೇ. ಅಲ್ಲಿಯವರೆಗೆ ಕಾಯಲಾಗದ ಯಾರಾದರೂ ಇದನ್ನು ಓದುತ್ತಿದ್ದರೆ ಇಷ್ಟು ಮಾಡಿ: ಹತ್ತಿರದ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗೆ ಬೆಳಿಗ್ಗೆ ಬೇಗ ಹೋಗಿ. ಕೇಸ್ ಪೇಪರ್ ಮಾಡಿಸುವ ಕಿಟಕಿಯಲ್ಲಿ ಎಲ್ಲರ ಮುಂದೆ ವಿವರಿಸಬೇಕಾಗಿಲ್ಲ, "ಊತ ಇದೆ, ಸರ್ಜರಿ ವಿಭಾಗ" ಎಂದರೆ ಸಾಕು. ಉಳಿದದ್ದನ್ನು ಪರದೆಯ ಒಳಗೆ ವೈದ್ಯರಿಗೆ ಹೇಳಿ, ಎಷ್ಟು ಸಮಯದಿಂದ ಇದೆ ಎಂಬುದನ್ನು ಮುಚ್ಚಿಡದೆ ಹೇಳಿ. ಹಳೆಯ ಸೋನೋಗ್ರಫಿ ರಿಪೋರ್ಟ್ ಇದ್ದರೆ ಅದನ್ನೂ ಜೇಬಿನಲ್ಲಿಟ್ಟುಕೊಳ್ಳಿ.