ಮೈಕು ಯಾರ ಕೈಯಲ್ಲಿದೆ?

ಗಂಡ-ಹೆಂಡತಿ ಜೋಕುಗಳಲ್ಲಿ ಹೆಂಡತಿಯ ಕೈಯಲ್ಲಿ ಯಾವಾಗಲೂ ಲಟ್ಟಣಿಗೆ ಇರುತ್ತದೆ. ಇದು ನನಗೆ ಅರ್ಥವೇ ಆಗಿಲ್ಲ. ನಮ್ಮ ಧಾರವಾಡದ ಕಡೆ ಜೋಳದ ರೊಟ್ಟಿಯನ್ನು ಕೈಯಲ್ಲೇ ಬಡಿಯುತ್ತಾರೆ. ಹೊಡೆಯಲೇಬೇಕು ಅಂದರೆ ಆ ಅಂಗೈ ಸಾಲದೇ? ಲಟ್ಟಣಿಗೆ ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದಿರಬೇಕು.

ಈ ಜೋಕುಗಳಲ್ಲಿ ಹೆಂಡತಿ ಬಾಯಿ ಮುಚ್ಚುವುದಿಲ್ಲ, ಪಾಪ ಗಂಡ ಬಾಯಿ ತೆರೆಯುವುದಿಲ್ಲ. ಅದನ್ನು ಅರ್ಧ ಗಂಟೆ ಮೈಕು ಬಿಡದೆ ಹೇಳುವವನು ಮಾತ್ರ ಗಂಡನೇ!

ಮೊನ್ನೆ ನೆಂಟರ ಮದುವೆಯಲ್ಲಿ ನಮ್ಮ ದೊಡ್ಡಪ್ಪನ ಕೈಗೆ ಮೈಕು ಸಿಕ್ಕಿತು. ಊಟದ ಪಂಕ್ತಿ ಇನ್ನೂ ಎದ್ದಿರಲಿಲ್ಲ, ಹಾಗಾಗಿ ಓಡಿಹೋಗಲು ಯಾರಿಗೂ ದಾರಿಯಿಲ್ಲ. "ಹೆಂಡ ಪ್ಲಸ್ ಅತಿ, ಹೆಂಡತಿ! ಎರಡೂ ಅತಿಯಾದರೆ ತಲೆನೋವು!" ಅಂದರು. ಗಂಡಸರು ನಕ್ಕರು. ಹೆಂಗಸರೂ ನಕ್ಕರು, ಸುಮ್ನೆ, ಅಭ್ಯಾಸಕ್ಕೆ.

ದೊಡ್ಡಮ್ಮ ನಿವೃತ್ತ ಕನ್ನಡ ಟೀಚರು. ಹೋಳಿಗೆ ಮುರಿಯುತ್ತಲೇ ಅಂದರು: "ಸಂಧಿ ಸರಿ ಅದ. ಲೋಪಸಂಧಿ. ಲೋಪ ಎಲ್ಲಿ ಆಗೇದ ಅಂತ ಮನಿಗೆ ಹೋಗಿ ಹೇಳತೀನಿ."

ಊಟವಾದ ಮೇಲೆ ಒಡಪು ಶುರುವಾಯಿತು. ಗಂಡನ ಹೆಸರು ಹಿಡಿದು ಕರೆಯಬಾರದು ಎನ್ನುತ್ತಿದ್ದ ಕಾಲದಿಂದ ನಡೆದುಬಂದ ಪದ್ಧತಿ ಇದು. ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳಬೇಕು. ಬಾಯಿ ಕಟ್ಟಿದರೆ ಹೆಂಗಸರು ಪ್ರಾಸ ಕಟ್ಟಿದರು, ನೋಡಿ. ಹೊಸ ಮದುಮಗಳು ನಾಚಿಕೊಂಡು ಬೆಳ್ಳಿ ಬಟ್ಟಲು, ಮಲ್ಲಿಗೆ ಹೂವು ಅಂತ ಏನೋ ಹೇಳಿ ಮುಗಿಸಿದಳು. ಆಮೇಲೆ ದೊಡ್ಡಮ್ಮನ ಸರದಿ. (ಹೆಸರು ಇಲ್ಲಿ ಬಿಟ್ಟಿದ್ದೇನೆ, ದೊಡ್ಡಪ್ಪ ಇದನ್ನು ಓದುತ್ತಾರೆ.)

"ಕುಕ್ಕರ್ ಕೂಗಿತು ಮೂರು ಸಲ, ನಾ ಕೂಗಿದೆ ನೂರು ಸಲ,
ಮೊಬೈಲ್ ಬಿಟ್ಟು ಏಳಲಿಲ್ಲ ನಮ್ಮ ಇಂಥವರು ಒಂದು ಸಲ!"

ಮಂಟಪವೇ ಬಿದ್ದು ಬಿದ್ದು ನಕ್ಕಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಲಟ್ಟಣಿಗೆ ಅಲ್ಲೂ ಕಾಣಲಿಲ್ಲ.

ಒಡಪು ಗಂಡಸರೂ ಹೇಳಬೇಕು. ಹುಡುಗಿಯರೆಲ್ಲ ಸೇರಿ "ದೊಡ್ಡಪ್ಪಾ, ಈಗ ನೀವು!" ಅಂತ ಮೈಕು ಹಿಡಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ದೊಡ್ಡಮ್ಮನ ಹೆಸರಿಗೆ ಪ್ರಾಸ ಹುಡುಕುತ್ತಾ ಚಪ್ಪರ ನೋಡಿದರು. ಕೊನೆಗೆ ಕನ್ನಡಕ ಏರಿಸಿ ಜೇಬಿನಿಂದ ಮೊಬೈಲ್ ತೆಗೆದರು. ಗ್ರೂಪಿನಲ್ಲಿ ಅಂಥದ್ದೊಂದು ಇನ್ನೂ ಯಾರೂ ಕಳಿಸಿರಲಿಲ್ಲ.