ಆಟಿಯಲ್ಲಿ ಡ್ರಾಯರು ಎಳೆಯಬಾರದು

ಮಳೆ ಹಿಡಿದು ಹದಿನೈದು ದಿನ ಆಗಿಲ್ಲ, ಅಜ್ಜನ ಕಾಲದ ಮೇಜಿನ ಡ್ರಾಯರು ಆಗಲೇ ಹಟ ಹಿಡಿದಿದೆ. ಎಳೆದರೆ ಬರುವುದಿಲ್ಲ. ಇನ್ನೂ ಜೋರಾಗಿ ಎಳೆದರೆ ಬರುತ್ತದೆ, ಹಿತ್ತಾಳೆಯ ಹಿಡಿ ಮಾತ್ರ. ಹಿಡಿ ಕೈಯಲ್ಲಿ, ಎಳೆದವರ ಬೆನ್ನು ಗೋಡೆಯಲ್ಲಿ, ಡ್ರಾಯರು ಇದ್ದಲ್ಲೇ. ಕಾಸರಗೋಡಿನ ಕಡೆ ಹಳೆ ಮೇಜು ಉಳಿಸಿಕೊಂಡ ಮನೆಗಳಲ್ಲಿ ಮಳೆಗಾಲ ಸುರುವಾಗುವುದೇ ಹೀಗೆ. ಕರೆಂಟು ಬಿಲ್ಲು, ಓದುವ ಕನ್ನಡಕ, ರೇಶನ್ ಕಾರ್ಡು ಎಲ್ಲ ಅದರೊಳಗೆ. ಚೌತಿ ಕಳೆಯುವವರೆಗೆ ಅವು ನಮ್ಮವಲ್ಲ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಮರ ಕುಡಿಯದೆ ಇನ್ನೇನು ಮಾಡೀತು? ಅದು ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಒಂದಡಿ ಅಗಲದ ಹಲಗೆ ಬೇಸಗೆಯಿಂದ ಆಟಿಗೆ (ತುಳುವರ ಮಳೆಗಾಲದ ತಿಂಗಳಿಗೆ) ಬರುವಾಗ ಎರಡು ಮೂರು ಮಿಲಿಮೀಟರ್ ಅಗಲವಾಗಿರುತ್ತದೆ. ಡ್ರಾಯರಿನ ಸುತ್ತ ಬಿಟ್ಟ ಜಾಗವೇ ಅಷ್ಟು. ಹಳೇ ಆಚಾರಿಗಳಿಗೆ ಇದು ಗೊತ್ತಿತ್ತು. ಕಪಾಟಿನ ಬಾಗಿಲಿನ ನಡು ಹಲಗೆಗೆ ಅವರು ಅಂಟು ಹಾಕುತ್ತಿರಲಿಲ್ಲ. ಚೌಕಟ್ಟಿನಲ್ಲಿ ಕಾಲುವೆ ಕೊರೆದು ಅದರೊಳಗೆ ಸುಮ್ಮನೆ ಕೂರಿಸಿ ಬಿಡುತ್ತಿದ್ದರು, ಹಿಗ್ಗಲಿ ಕುಗ್ಗಲಿ ಎಂದು. ಈಗ ಆ ಹಲಗೆ ಗಡಗಡ ಅನ್ನುತ್ತದೆ ಎಂದು ಯಾರೋ ಒಬ್ಬರು ಸುತ್ತ ಫೆವಿಕೋಲ್ ತುಂಬಿಸಿ ನಾಲ್ಕು ಮೊಳೆ ಹೊಡೆಯುತ್ತಾರೆ. ಮಾರ್ಚಿನ ಒಂದು ರಾತ್ರಿ ಅದು ಫಟ್ ಎಂದು ನಡುವೆ ಸೀಳಿ ಮನೆಯವರೆಲ್ಲ ಟಾರ್ಚು ಹಿಡಿದು ಅಂಗಳಕ್ಕೆ ಇಳಿಯುತ್ತಾರೆ.

ಡ್ರಾಯರಿನ ವಿಷಯದಲ್ಲೂ ಇದೇ ಕತೆ. ಜುಲೈಯಲ್ಲಿ ಸಿಟ್ಟು ಬಂದು ಕೀಸುಳಿ ಹಿಡಿದರೆ ಕೆಟ್ಟಿತು. ಮಳೆಗಾಲದ ಮೈ ನೋಡಿ ಕೆತ್ತಿದ ಡ್ರಾಯರು ಫೆಬ್ರವರಿಗೆ ಒಣಗಿ, ಅಂಗಿ ದೊಡ್ಡದಾದ ಹುಡುಗನ ಹಾಗೆ ಗೂಡಿನೊಳಗೆ ತೊನೆದಾಡುತ್ತದೆ. ಸುತ್ತಲಿನ ಸಂದಿನಲ್ಲಿ ಜಿರಳೆಗಳು ಸಂಸಾರ ಹೂಡುತ್ತವೆ. ಮಾಡಬೇಕಾದ್ದು ಬೇರೆ. ಪಕ್ಕದ ಡ್ರಾಯರನ್ನು ಪೂರ್ತಿ ಹೊರತೆಗೆದು, ಆ ಜಾಗದಲ್ಲಿ 40 ವ್ಯಾಟಿನ ಹಳೇ ಮಾದರಿಯ ಬಲ್ಬನ್ನು ಮರಕ್ಕೂ ಕಾಗದಕ್ಕೂ ತಾಗದಂತೆ ಇಟ್ಟು, ಎದುರೇ ಕೂತು ನಾಲ್ಕೈದು ಗಂಟೆ ಉರಿಸಬೇಕು. ಒಳಗಿನ ತೇವ ಆರಿದರೆ ಡ್ರಾಯರು ತಾನಾಗಿ ಸಡಿಲುತ್ತದೆ. ಎಲ್‌ಇಡಿ ಬಲ್ಬು ಇಟ್ಟು ಕಾಯುವವರೂ ಇದ್ದಾರೆ. ಅದರಿಂದ ಡ್ರಾಯರಿಗೆ ಬೆಳಕು ಸಿಗುತ್ತದೆ, ಬಿಸಿ ಸಿಗುವುದಿಲ್ಲ. ತೆರೆದ ಮೇಲೆ ಅಂಚಿನಲ್ಲಿ ಎಲ್ಲಿ ಉಜ್ಜಿ ಹೊಳಪಾಗಿದೆಯೋ ಅಲ್ಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟು, ಜನವರಿಯಲ್ಲಿ ಅಷ್ಟೇ ಜಾಗವನ್ನು 120 ನಂಬರಿನ ಸ್ಯಾಂಡ್‌ಪೇಪರಿನಿಂದ ತಿಕ್ಕಿದರೆ ಸಾಕು. ಮತ್ತೆ ಒಂದು ಮೇಣದಬತ್ತಿ ತೆಗೆದುಕೊಂಡು ಜಾರುವ ಅಂಚುಗಳಿಗೆಲ್ಲ ಉಜ್ಜಬೇಕು. ಸಾಬೂನು ಬೇಡ, ಅದು ತೇವ ಎಳೆಯುತ್ತದೆ. ಹಿಡಿ ಕಿತ್ತು ಬಂದ ತೂತಕ್ಕೆ ದಪ್ಪ ಸ್ಕ್ರೂ ತುರುಕುವುದೂ ಬೇಡ, ಹಲಗೆ ಸೀಳುತ್ತದೆ. ಎರಡು ಬೆಂಕಿಕಡ್ಡಿಗೆ ಅಂಟು ಹಚ್ಚಿ ತೂತಕ್ಕೆ ಬಡಿದು, ಒಂದು ದಿನ ಒಣಗಲು ಬಿಟ್ಟು, ಹಳೇ ಸ್ಕ್ರೂವನ್ನೇ ತಿರುಗಿಸಿದರೆ ಗಟ್ಟಿ ಕೂರುತ್ತದೆ.

ಇಷ್ಟರಲ್ಲಿ ಭಾವಯ್ಯ ಬರುತ್ತಾರೆ. ಪ್ರತಿ ಮನೆಗೂ ಒಬ್ಬರು ಬರುತ್ತಾರೆ. ನಿಮ್ಮಲ್ಲಿ ಅವರು ಸೋದರಮಾವನೋ ದೊಡ್ಡಪ್ಪನೋ ಆಗಿರಬಹುದು. ಕೊಡೆಯ ನೀರು ಇಳಿಯುವ ಮೊದಲೇ ಅವರ ಬೆರಳ ಗೆಣ್ಣು ಮೇಜಿನ ಮೇಲೆ. ಟಕ್, ಟಕ್. ತಲೆ ಓರೆ, ಕಣ್ಣು ಅರ್ಧ ಮುಚ್ಚಿದೆ. ರೋಗಿಯ ಎದೆಗೆ ಬೆರಳು ಬಡಿದು ಕೇಳುವ ಹಳೇ ಡಾಕ್ಟರರ ಗತ್ತು. ಆಮೇಲೆ ತೀರ್ಪು: "ಬೀಟಿ."

ಬೀಟಿ ಎಂದರೆ ರೋಸ್‌ವುಡ್. ಅವರಿಗೆ ಎಲ್ಲವೂ ಬೀಟಿಯೇ. ಮೇಜು ಬೀಟಿ, ಭತ್ತ ತುಂಬುವ ಪತ್ತಾಯ ಬೀಟಿ, ದೇವರ ಕೋಣೆಯ ಬಾಗಿಲು ಬೀಟಿ. ಮೂರು ಕೋಟು ಪೈಂಟು ಬಳಿದು ಮರವೇ ಕಾಣದ ಕಪಾಟಾದರೆ "ಒಳಗೆ ಬೀಟಿ". "ಇದು ಹಲಸು ಭಾವಯ್ಯ" ಎಂದರೆ ಇನ್ನೊಮ್ಮೆ ಟಕ್ ಟಕ್, "ಶಬ್ದ ಕೇಳಿದರೆ ಗೊತ್ತಾಗುವುದಿಲ್ವಾ ಮಾರಾಯ? ಈಗ ಇಂಥ ಮರ ಎಲ್ಲುಂಟು?" ಆ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟರೆ ಚಾ ತಣಿಯುತ್ತದೆ.

ಮರದ ಜಾತಿ ಬೆರಳಿಗೆ ಹೇಳುವುದಿಲ್ಲ. ಪಾಲಿಶು ತಾಗದ ಜಾಗ ನೋಡಬೇಕು: ಡ್ರಾಯರಿನ ಅಡಿ, ಕಪಾಟಿನ ಬೆನ್ನು, ಕಾಲಿನ ತಳ. ಅಲ್ಲಿ ಸ್ವಲ್ಪ ಉಜ್ಜಿದಾಗ ಹಳದಿ ಹುಡಿ ಬಂತೋ, ಹಲಸು. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದೆ ಬಣ್ಣ ಕಟ್ಟುತ್ತಿದ್ದದ್ದು ಇದೇ ಹಲಸಿನ ತಿರುಳಿನಿಂದ. ಹೊಸತರಲ್ಲಿ ಅರಸಿನದ ಹಾಗಿರುವ ಈ ಮರ ವರ್ಷ ಕಳೆದಂತೆ ಕೆಂಗಂದಾಗುತ್ತದೆ, ಅದರ ಮೇಲೆ ಯಾರಾದರೂ ಕಪ್ಪು ಪಾಲಿಶು ಎಳೆದಿದ್ದರೆ ಭಾವಯ್ಯ ಮೋಸ ಹೋಗುವುದರಲ್ಲಿ ತಪ್ಪಿಲ್ಲ. ತೇಗ ಮುಟ್ಟಲು ಎಣ್ಣೆ ಎಣ್ಣೆ, ಉಜ್ಜಿದರೆ ತೊಗಲಿನಂಥ ವಾಸನೆ. ಬೀಟಿಯಲ್ಲಿ ನೇರಳೆಗಪ್ಪು ಗೆರೆಗಳು, ಎತ್ತಿದರೆ ಸೊಂಟವೇ ಹೇಳುತ್ತದೆ.

ಕುಟ್ಟಿ ನೋಡುವುದರಿಂದ ಪ್ರಯೋಜನವೇ ಇಲ್ಲ ಎಂದಲ್ಲ. ಒಳಗೆ ಮರ ಕೊರೆಯುವ ಕುಟ್ಟೆ ಹುಳ ಹಿಡಿದು ಟೊಳ್ಳಾಗಿದ್ದರೆ ಶಬ್ದ ಬೊದಬೊದ ಅನ್ನುತ್ತದೆ. ಅದನ್ನು ಕೇಳಬೇಕಾದ್ದು ಮೇಜಿನ ಹಲಗೆಯಲ್ಲಲ್ಲ, ನೆಲದ ತೇವ ಏರುವ ಕಾಲಿನ ಬುಡದಲ್ಲಿ. ಭಾವಯ್ಯ ಅಲ್ಲಿಗೂ ಬಗ್ಗುತ್ತಾರೆ. "ಕಬ್ಬಿಣ ಮಾರಾಯ, ಕಬ್ಬಿಣ!" ಎಂದು ಗೆಣ್ಣಿನಿಂದ ಬಾರಿಸುವಾಗ ಮೇಲಿನ ಕಾಗದದಷ್ಟು ತೆಳು ಸಿಪ್ಪೆ ಒಡೆದು ಬೆರಳು ಕಾಲಿನೊಳಗೆ ಇಳಿಯುತ್ತದೆ. ಮನೆಯಲ್ಲಿ ಯಾರೂ ನಗುವುದಿಲ್ಲ, ಮಕ್ಕಳನ್ನು ಮಾತ್ರ ಒಳಗೆ ಕಳಿಸುತ್ತಾರೆ. ಭಾವಯ್ಯ ಸಾವಧಾನದಲ್ಲಿ ಬೆರಳು ಎಳೆದುಕೊಂಡು, ಅಂಟಿದ ಹುಡಿಯನ್ನು ಬೆಳಕಿಗೆ ಹಿಡಿದು, ಉಜ್ಜಿ, ಮೂಸಿ ಹೇಳುತ್ತಾರೆ: "ಬೀಟಿಯ ಹುಡಿ ಹೀಗೇ ಇರುವುದು."

ಕುಟ್ಟೆ ಜೀವಂತ ಇದೆಯೋ ಬಿಟ್ಟು ಹೋಗಿದೆಯೋ ಎಂದು ತಿಳಿಯಲು ಕಾಲಿನಡಿ ಕಪ್ಪು ಕಾಗದ ಹಾಸಿ ವಾರ ಕಾದರಾಯಿತು. ಹೊಸ ಹುಡಿ ಬಿದ್ದರೆ ಒಳಗೆ ಊಟ ನಡೆಯುತ್ತಿದೆ. ಮರದ ಹುಳಕ್ಕೆಂದೇ ಅಂಗಡಿಯಲ್ಲಿ ಸಿಗುವ ಔಷಧಿಯನ್ನು, ಕೈಗೆ ಗ್ಲೌಸ್ ಹಾಕಿಕೊಂಡು, ಇಂಜೆಕ್ಷನ್ ಸಿರಿಂಜಿನಲ್ಲಿ ಒಂದೊಂದೇ ತೂತಕ್ಕೆ ಬಿಡಬೇಕು. ಒಂದು ತೂತಕ್ಕೆ ಬಿಟ್ಟದ್ದು ಇನ್ನೊಂದರಿಂದ ಚಿಮ್ಮಿ ಮುಖಕ್ಕೆ ಬರುತ್ತದೆ, ಕನ್ನಡಕ ಹಾಕಿಕೊಳ್ಳಿ. (ಕನ್ನಡಕ ಎಲ್ಲಿದೆ ಎಂದು ಮೇಲೆ ಹೇಳಿದ್ದೇನೆ.) ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಹುಡಿ ನಿಂತ ಮೇಲೆ ತೂತಗಳಿಗೆ ಮೇಣ. ಹಿಂದಿನವರು ಪತ್ತಾಯದ ಕಾಲಿಗೂ ಮಾಡಿನ ಪಕ್ಕಾಸಿಗೂ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುತ್ತಿದ್ದರು. ಒರಲೆ (ಗೆದ್ದಲು) ಹತ್ತಿರ ಸುಳಿಯುತ್ತಿರಲಿಲ್ಲ, ಬಳಿದವರ ಕೈಯೂ ಬೊಕ್ಕೆ ಎದ್ದು ಸುಲಿಯುತ್ತಿತ್ತು. ಕೂರುವ, ಒರಗುವ ಯಾವುದಕ್ಕೂ ಅದು ಸಲ್ಲ. "ಕಪ್ಪು ಚಂದ ಕಾಣುವುದಿಲ್ಲ" ಎಂದು ಪತ್ತಾಯದ ಕಾಲಿನಿಂದ ಅದನ್ನು ಕೆರೆಸಿ, ಒಳಗೆ ಕುಶನ್ ಹಾಸಿ, ಚಾವಡಿಯಲ್ಲಿ ಸೋಫಾ ಮಾಡಿಕೊಂಡವರಿದ್ದಾರೆ. ಎರಡು ಮಳೆಗಾಲ ಕಳೆಯುವಾಗ ಸೋಫಾ ಒಂದು ಬದಿಗೆ ವಾಲುತ್ತದೆ.

ಜೋತುಬಿದ್ದ ಬೆತ್ತದ ಕುರ್ಚಿಗೆ ಇಷ್ಟು ರಗಳೆ ಇಲ್ಲ. ಎಳೆ ತುಂಡಾಗಿರದಿದ್ದರೆ ಕುರ್ಚಿ ಮಗುಚಿ ಹಾಕಿ, ಬೆತ್ತದ ಅಡಿಭಾಗಕ್ಕೆ ಬಿಸಿನೀರಿನ ಬಟ್ಟೆ ಒತ್ತಿ ಚೆನ್ನಾಗಿ ನೆನೆಸಿ, ನೆರಳಿನಲ್ಲಿ ಒಂದು ದಿನ ಒಣಗಲು ಬಿಡಿ. ಒಣಗುವಾಗ ಬೆತ್ತ ತಾನೇ ಬಿಗಿಯುತ್ತದೆ. ಒದ್ದೆ ಇರುವಾಗ ಕೂತರೆ ಮೊದಲಿಗಿಂತ ಹೆಚ್ಚು ಜೋತುಬೀಳುತ್ತದೆ. ಯಾರು ಬಂದು ಕೂರುತ್ತಾರೆ ಎಂದು ಹೇಳಬೇಕಾಗಿಲ್ಲ.

ಪೈಂಟು ಕೆರೆಯುವುದು ಮನೆಯ ಚರಿತ್ರೆ ಓದಿದ ಹಾಗೆ. ನಮ್ಮಲ್ಲಿ ಕಪಾಟಿಗೆಂದು ಯಾರೂ ಬಣ್ಣ ತರುವುದಿಲ್ಲ, ಕಿಟಕಿಗೆ ಬಳಿದು ಉಳಿದದ್ದು ಕಪಾಟಿಗೆ. ಮೇಲೆ ಚಾಕಲೇಟು, ಅದರಡಿ ಆಕಾಶನೀಲಿ, ಅದರಡಿ ಅತ್ತೆಯ ಮದುವೆಯ ವರ್ಷದ ಹಸುರು. ಈ ಹಸುರಿಗೆ ಒಣ ಸ್ಯಾಂಡ್‌ಪೇಪರು ಹಾಕಬೇಡಿ. ಮನೆಬಳಕೆಯ ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನದರಲ್ಲಿ ಎಷ್ಟಿದೆಯೋ, ಆ ಧೂಳು ಮಕ್ಕಳ ಮೂಗಿಗೆ ಹೋಗುವುದು ಬೇಡ. ಪೈಂಟು ತೆಗೆಯುವ ದ್ರಾವಣ ಬಳಿದು, ಅದು ಉಬ್ಬಿದ ಮೇಲೆ ಕೆರೆದು, ಉಳಿದದ್ದನ್ನು ನೀರು ಹಾಕಿ ಉಜ್ಜಬೇಕು.

ಪೈಂಟಿಲ್ಲದೆ ಮಂಕಾಗಿ ಮಾತ್ರ ಇದ್ದರೆ ಕೆರೆಯಲು ಅವಸರ ಮಾಡಬಾರದು. ಕಾಣದ ಮೂಲೆಯಲ್ಲಿ ಸ್ಪಿರಿಟಿನ ಬಟ್ಟೆ ಉಜ್ಜಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶು, ಅದರ ಮೇಲೇ ಹೊಸ ಪಾಲಿಶು ಹಿಡಿಯುತ್ತದೆ. ಒಂದು ಲೀಟರು ಸ್ಪಿರಿಟಿಗೆ 150 ಗ್ರಾಂ ಚಪ್ಪಟೆ ಅರಗು, ರಾತ್ರಿ ನೆನೆಹಾಕಿ ಬೆಳಗ್ಗೆ ಸೋಸಬೇಕು. ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತೆಳುವಾಗಿ ಎಂಟು ಹತ್ತು ಸಲ. ಮಳೆಯಲ್ಲಿ ಮಾಡಿದರೆ ಗಾಳಿಯ ತೇವ ಒಳಸೇರಿ ಮೇಲೆಲ್ಲ ಬಿಳಿ ಮಂಜು ಕೂರುತ್ತದೆ. ಡಿಸೆಂಬರಿನವರೆಗೆ ತಾಳ್ಮೆ ಇರಲಿ.

ಮೇಜನ್ನು ಮಗುಚಿದಾಗ ಅಡಿಯಲ್ಲಿ ಪೆನ್ಸಿಲಿನ ಗುರುತುಗಳು ಕಾಣುತ್ತವೆ. ಕಾಲಿಗೊಂದು ೧, ಕಾಲು ಕೂರುವ ತೂತದ ಪಕ್ಕ ಇನ್ನೊಂದು ೧. ಯಾವ ಕಾಲು ಯಾವ ಜಾಗಕ್ಕೆ ಎಂದು ಜೋಡಿಸಿದ ಆಚಾರಿ ತನಗಾಗಿ ಬರೆದುಕೊಂಡದ್ದು. ಆತನ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ, ಅಂಕೆಯ ಬಾಲ ಎಳೆದ ಕೈ ಹಾಗೇ ಇದೆ. ಆ ಜಾಗಕ್ಕೆ ಸ್ಯಾಂಡ್‌ಪೇಪರು ಹೋಗಬಾರದು. ಮೇಜು ಮಾಡಿದಾಗ ಈ ಊರು ಮದರಾಸಿನ ದಕ್ಷಿಣ ಕನ್ನಡ. 1956ರ ನವೆಂಬರ್ 1ರಂದು ಕೇರಳವಾಯಿತು. ಮೇಜು ಒಂದು ಇಂಚೂ ಕದಲಲಿಲ್ಲ, ಡ್ರಾಯರಿಗೆ ಬೀಳುವ ರಶೀದಿಗಳ ಲಿಪಿ ಬದಲಾಯಿತು ಅಷ್ಟೆ.

ಅಡಿ ನೋಡುವುದಾಯಿತು, ಬಲ್ಬು ಉರಿದದ್ದಾಯಿತು, ಡ್ರಾಯರು ಎರಡು ಬೆರಳಿನಷ್ಟು ಮುಂದೆ ಬಂದು ನಿಂತಿದೆ. ಭಾವಯ್ಯ ಬೆತ್ತದ ಕುರ್ಚಿಯಲ್ಲಿ ಕೂತು ಸಲಹೆ ಕೊಡುತ್ತಿದ್ದಾರೆ. ಈಗ ಅಂಚಿಗೆ ಸ್ವಲ್ಪ ಮೇಣದಬತ್ತಿ ಉಜ್ಜಿದರೆ ಉಳಿದದ್ದು ಸಲೀಸು. ಕರೆಂಟು ಹೋದರೆ ತಕ್ಷಣ ಕೈಗೆ ಸಿಗಲಿ ಎಂದು ಮೇಣದಬತ್ತಿಯನ್ನು ಮನೆಯಲ್ಲಿ ಒಂದೇ ಕಡೆ ಇಡುವುದು.

ಈ ಡ್ರಾಯರಿನ ಒಳಗೆ. ಸ್ಕ್ರೂಡ್ರೈವರೂ ಅಲ್ಲೇ ಉಂಟು.