ಕುಕ್ಕರ್, ಸಂಡಿಗೆ ಮತ್ತು ಪಾಪ್ ಆರ್ಟ್

1962ರಲ್ಲಿ ಅಮೆರಿಕದ ಆಂಡಿ ವಾರ್ಹೋಲ್, ದಿನಬಳಕೆಯ ಸಾಮಾನನ್ನೇ ಚಿತ್ರ ಮಾಡುವ ಪಾಪ್ ಆರ್ಟ್‌ನ ಕಲಾವಿದ, ಕ್ಯಾಂಪ್‌ಬೆಲ್ ಸೂಪ್ ಡಬ್ಬಿಯ 32 ಚಿತ್ರಗಳನ್ನು ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿಟ್ಟ, ಅದೂ ದಿನಸಿ ಅಂಗಡಿಯಲ್ಲಿ ಡಬ್ಬಿ ಜೋಡಿಸಿದ ಹಾಗೆ ಸಾಲಾಗಿ. ಪಕ್ಕದ ಗ್ಯಾಲರಿಯವರು ನಿಜವಾದ ಸೂಪ್ ಡಬ್ಬಿಗಳನ್ನೇ ಪೇರಿಸಿ, ಅಸಲಿ ಮಾಲು ಇಲ್ಲಿ ಅಗ್ಗ ಅಂತ ಬೋರ್ಡ್ ಹಾಕಿದರಂತೆ. ಇಪ್ಪತ್ತು ವರ್ಷ ದಿನಾ ಮಧ್ಯಾಹ್ನ ಅದೇ ಸೂಪ್ ಕುಡಿದೆ ಅಂತ ವಾರ್ಹೋಲೇ ಹೇಳಿಕೊಂಡಿದ್ದ. ಅವನ ಅಮ್ಮನೂ ಅವನ ಜೊತೆಗೇ ಇದ್ದರು. ಆ ತಾಯಿ ಏನೂ ಅನ್ನಲಿಲ್ವಾ ಅನ್ನೋದೇ ನನಗೆ ಆಶ್ಚರ್ಯ.

ಯಾಕೆಂದರೆ ನಾನು ಮನೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಬಿಗಿದ ಬಟ್ಟೆಯ ಮೂಲಕ ಬಣ್ಣ ಇಳಿಸಿ ಚಿತ್ರ ಅಚ್ಚು ಹಾಕೋದು, ಶುರು ಮಾಡಿದಾಗ ನಮ್ಮಮ್ಮ ಸುಮ್ನಿರಲಿಲ್ಲ. ಆರಿಸಿಕೊಂಡಿದ್ದು ಅಡುಗೆಮನೆಯ ಹಳೇ ಕುಕ್ಕರ್. ಫೋಟೊ ತೆಗೆಯೋಣ ಅಂದರೆ ಅದರಲ್ಲಿ ಯಾವಾಗಲೂ ಬೇಳೆ ಬೇಯುತ್ತಿರುತ್ತದೆ.

ಈ ಕೆಲಸದ ಗುಟ್ಟೆಲ್ಲ ಬೆಳಕಿನಲ್ಲಿದೆ. ಫ್ರೇಮಿಗೆ ಬಿಗಿದ ಬಟ್ಟೆಗೆ ಎಮಲ್ಷನ್ ಅನ್ನೋ, ಬೆಳಕಿಗೆ ಗಟ್ಟಿಯಾಗುವ ದ್ರವ ಬಳಿದು ಕತ್ತಲಲ್ಲಿ ಒಣಗಿಸಬೇಕು. ಆಮೇಲೆ ಚಿತ್ರ ಕಪ್ಪಾಗಿ ಮೂಡಿದ ಪಾರದರ್ಶಕ ಫಿಲ್ಮ್ ಹಾಳೆ ಇಟ್ಟು ಬೆಳಕು ಬಿಟ್ಟರೆ, ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಕಪ್ಪು ಗೆರೆ ಇದ್ದ ಕಡೆ ನೀರು ಹಾಕಿದರೆ ತೊಳೆದುಹೋಗುತ್ತದೆ, ಆ ಕಿಂಡಿಯಿಂದ ಬಣ್ಣ ಇಳಿಯುತ್ತದೆ. ಫ್ರೇಮನ್ನು ಬಚ್ಚಲುಮನೆಯ ಕತ್ತಲಲ್ಲಿಟ್ಟು ಹಾಲು ತರಲು ಹೋಗಿದ್ದೆ. ಬರುವಷ್ಟರಲ್ಲಿ ಅದು ತಾರಸಿಯ ಮೇಲೆ, ಸಂಡಿಗೆ ಪಕ್ಕ, ಸುಡುಬಿಸಿಲಲ್ಲಿ ಮಲಗಿತ್ತು.

"ಒದ್ದೆ ಇತ್ತಲ್ಲೋ, ಹೇಗೆ ಒಣಗಿಸಿದೀನಿ ನೋಡು!"

ಒಣಗಿತ್ತು, ನಿಜ. ಎಷ್ಟು ನೀರು ಸುರಿದರೂ ಒಂದು ಗೆರೆ ಬಿಡಲಿಲ್ಲ.

ಹೊಸ ಫ್ರೇಮಿನಲ್ಲಿ ಕೊನೆಗೂ ಪ್ರಿಂಟ್ ಬಂತು. ಗುಲಾಬಿ ಕುಕ್ಕರ್, ಹಳದಿ ಹಿನ್ನೆಲೆ. ಎರಡನೇ ಬಣ್ಣ ಸ್ವಲ್ಪ ಸರಿದು ವಿಷಲ್ ಮುಚ್ಚಳ ಬಿಟ್ಟು ಗಾಳಿಯಲ್ಲಿ ನಿಂತಿತ್ತು. ವಾರ್ಹೋಲನ ಪ್ರಿಂಟುಗಳಲ್ಲೂ ಬಣ್ಣ ಹೀಗೇ ಆಚೀಚೆ ಆಗಿರುತ್ತದೆ, ಜನ ಅದನ್ನೇ ಮೆಚ್ಚುತ್ತಾರೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಗ್ಯಾಸ್ಕೆಟ್ ಹೋಗಿದೆ ಕಣೋ" ಅಂದರು.

1965ರಲ್ಲಿ ವಾರ್ಹೋಲನ ಬ್ರಿಲ್ಲೊ ಡಬ್ಬಗಳು, ಅಂದರೆ ಪಾತ್ರೆ ಉಜ್ಜುವ ಬ್ರಿಲ್ಲೊ ಪ್ಯಾಡಿನ ಪೆಟ್ಟಿಗೆಯಂತೆಯೇ ಕಾಣುವ ಮರದ ಡಬ್ಬಗಳು, ಟೊರಾಂಟೊಗೆ ಹೋಗಬೇಕಿತ್ತು. ಇದು ಶಿಲ್ಪ ಅಲ್ಲ, ವ್ಯಾಪಾರದ ಸರಕು, ಸುಂಕ ಕಟ್ಟಿ ಅಂತ ಕೆನಡಾ ಕಸ್ಟಮ್ಸ್ ಪಟ್ಟು ಹಿಡಿಯಿತು. ನಮ್ಮನೆಯಲ್ಲಿ ಆ ಇಲಾಖೆ ಅಮ್ಮನದು, ತೀರ್ಪೂ ಬೇಗ ಬಂತು. ಮಾರನೇ ದಿನ ನೋಡಿದರೆ ಪ್ರಿಂಟ್ ಎಲ್ಲ ಅಡುಗೆಮನೆ ಶೆಲ್ಫಿನಲ್ಲಿ ಹಾಸಿದೆ, ಗುಲಾಬಿ ಕುಕ್ಕರಿನ ಮೇಲೆ ಸರಿಯಾಗಿ ನಿಜವಾದ ಕುಕ್ಕರ್ ಕೂತಿದೆ. ಯಾವುದು ಎಲ್ಲಿಡಬೇಕು ಅಂತ ಈಗ ಎಲ್ಲರಿಗೂ ಗೊತ್ತಾಗುತ್ತೆ ಅಲ್ವಾ ಅಂತ ಅಮ್ಮ ಖುಷಿಯಾಗಿದ್ದಾರೆ. ಒಗ್ಗರಣೆ ಡಬ್ಬಿದು, ಎಣ್ಣೆ ಜಗ್ಗಿಂದು, ಒಂದೊಂದು ಮಾಡಿಕೊಡು ಅಂತ ಆರ್ಡರ್ ಬಂದಿದೆ. ಬಣ್ಣ ಮಾತ್ರ ಕೊಳೆ ಕಾಣದ್ದು ಇರಲಿ ಅಂತೆ.